ಸಭೆಗೆ ಹಿರಿಯರನ್ನು ನೇಮಿಸುವ ಮುನ್ನ ಏನು ನೋಡಬೇಕು, ಯಾರನ್ನು ಕೇಳಬೇಕು

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಸ್ವತಂತ್ರ ಕ್ರೈಸ್ತ ಸಭೆ (ಚರ್ಚು). ಸುಮಾರು ಅರವತ್ತು ಕುಟುಂಬಗಳಿವೆ. ಇಷ್ಟು ದಿನ ನಮ್ಮ ಪಾಸ್ಟರ್ ಅಯ್ಯನವರೊಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಈಗ ಸಭೆಯನ್ನು ನಡೆಸಲು ಮೂವರು ಹಿರಿಯರನ್ನು ನೇಮಿಸಬೇಕೆಂದಿದ್ದೇವೆ, ಮೂರು ಹೆಸರು ಬಂದಿವೆ. ಒಬ್ಬರು ದೀಕ್ಷಾಸ್ನಾನವಾಗಿ ಎರಡು ವರ್ಷವಾದ ಯುವಕ. ಪ್ರಸಂಗಕ್ಕೆ ನಿಂತರೆ ಜನ ಕೂತಲ್ಲಿಂದ ಅಲುಗುವುದಿಲ್ಲ. ಇನ್ನೊಬ್ಬರು ಅಂಗಡಿ ಮಾಲೀಕರು. ಸಭಾಮಂದಿರದ ಚಾವಣಿಗೆ ದೊಡ್ಡ ಮೊತ್ತ ಕೊಟ್ಟವರು. ಮೂರನೆಯವರು ನಿವೃತ್ತ ಮೇಷ್ಟ್ರು, ಮಿತಭಾಷಿ. ಆದರೆ ಅವರ ದೊಡ್ಡ ಮಗ ಸಭೆಗೆ ಬರುವುದನ್ನು ಬಿಟ್ಟಿದ್ದಾನೆ. ನಾಯಕರಲ್ಲಿ ಯಾವ ಗುಣಗಳಿರಬೇಕು? ಅವು ಇವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಆ ಮೂರು ಹೆಸರುಗಳನ್ನು ಬದಿಗಿಡಿ. ಹೆಸರುಗಳನ್ನು ಎದುರಿಗಿಟ್ಟುಕೊಂಡು ಬೈಬಲಿನ ವಾಕ್ಯ ಓದಿದರೆ ವಾಕ್ಯವನ್ನೇ ಎಳೆದು ಹೆಸರಿಗೆ ಹೊಂದಿಸುವ ಮನಸ್ಸಾಗುತ್ತದೆ. ಸಭೆಯವರೆಲ್ಲ ಸೇರಿದ ಒಂದು ಸಂಜೆ ಈ ಭಾಗಗಳನ್ನು ಗಟ್ಟಿಯಾಗಿ ಓದಿಸಿ: 1 ತಿಮೊಥೆಯ 3:1–13, ತೀತ 1:5–9, 1 ಪೇತ್ರ 5:1–4, ಅಪೊಸ್ತಲರ ಕೃತ್ಯಗಳು 6:1–6 ಮತ್ತು 20:17–35. ಎಲ್ಲ ಸೇರಿ ಓದಲು ಕಾಲು ಗಂಟೆ ಸಾಕು. ಹೆಸರಿನ ಮಾತು ಇನ್ನೊಂದು ದಿನಕ್ಕಿರಲಿ.

ಓದುವಾಗಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಪೊಸ್ತಲ ಪೌಲ ತಿಮೊಥೆಯನಿಗೆ ಬರೆದ ಪಟ್ಟಿಯಲ್ಲಿ ಸುಮಾರು ಹದಿನೈದು ಅಂಶಗಳಿವೆ. ವರ ಅಥವಾ ಸಾಮರ್ಥ್ಯ ಎನ್ನಬಹುದಾದದ್ದು ಅವುಗಳಲ್ಲಿ ಒಂದೇ, ಬೋಧಿಸಬಲ್ಲವನಾಗಿರಬೇಕು ಎಂಬುದು. ಉಳಿದವೆಲ್ಲ ನಡತೆಗೆ ಸೇರಿದವು: ಹೆಂಡತಿಗೆ ನಿಷ್ಠ, ಜಿತೇಂದ್ರಿಯ, ಅತಿಥಿಸತ್ಕಾರ ಮಾಡುವವನು, ಕುಡುಕನಲ್ಲ, ಹೊಡೆದಾಡುವವನಲ್ಲ, ಜಗಳಗಂಟನಲ್ಲ, ಹಣದಾಸೆಯಿಲ್ಲದವನು. ಹಿರಿಯರಿಗೆ ನೆರವಾಗುವ ಸಭಾಸೇವಕರ ಪಟ್ಟಿಯಲ್ಲಿ ಬೋಧನೆಯ ಮಾತೂ ಇಲ್ಲ. ಅದೇ ಮೊದಲ ಶತಮಾನದಲ್ಲಿ ಒನೊಸಾಂಡರ್ ಎಂಬ ಗ್ರೀಕ್ ಲೇಖಕ ಸೇನಾಪತಿಯಲ್ಲಿ ಇರಬೇಕಾದ ಗುಣಗಳನ್ನು ಹೇಳುತ್ತಾ ಸಂಯಮ, ಎಚ್ಚರ, ಹಣದಾಸೆಯಿಲ್ಲದಿರುವುದು, ಒಳ್ಳೆಯ ಹೆಸರು ಎಂದೇ ಪಟ್ಟಿ ಮಾಡಿದ್ದಾನೆ. ಪೌಲನ ಪಟ್ಟಿ ಅದಕ್ಕೆ ಬಹಳ ಹತ್ತಿರದ್ದು. ಅಂದರೆ ಸಭೆಯ ಹೊರಗಿನವರೂ ಒಪ್ಪುವ ಸಾಮಾನ್ಯ ಸಜ್ಜನಿಕೆಯೇ ಇಲ್ಲಿ ತಳಪಾಯ. ದರ್ಶನ ಕಂಡವರು, ಸ್ವಸ್ಥತೆಯ ವರವಿರುವವರು, ರಾತ್ರಿಯಿಡೀ ಪ್ರಾರ್ಥಿಸುವವರು ಬೇಕೆಂದು ಈ ಪಟ್ಟಿ ಕೇಳುವುದಿಲ್ಲ. ಅವು ಒಳ್ಳೆಯವೇ, ಆದರೆ ಈ ಗುಣಗಳಿಗೆ ಬದಲಿಯಾಗಿ ಅವನ್ನು ತಂದಿಟ್ಟಾಗಲೆಲ್ಲ ಸಭೆಗಳು ನೋವು ತಿಂದಿವೆ.

ಪಟ್ಟಿಯ ಮೊದಲ ಮಾತು "ದೋಷಾರೋಪಣೆಯಿಲ್ಲದವನು". ಪಾಪವೇ ಇಲ್ಲದವನು ಎಂದು ಅರ್ಥ ಮಾಡಿದರೆ ಭೂಮಿಯ ಮೇಲೆ ಯಾರೂ ಸಿಗುವುದಿಲ್ಲ. ಅಪವಾದ ಹೊರಿಸಿದರೂ ಅದು ನಿಲ್ಲಬಾರದು, ಅಂಥ ಬದುಕು ಎಂದು ತಿಳಿಯಿರಿ. ಕೊನೆಯ ಮಾತು ಸಭೆಯ ಹೊರಗಿನವರಿಂದ ಒಳ್ಳೆಯ ಸಾಕ್ಷಿ ಇರಬೇಕೆಂಬುದು. ನಮ್ಮ ಸಭೆಗಳು ಹೆಚ್ಚಾಗಿ ದಾಟಿಹೋಗುವುದು ಈ ಕೊನೆಯ ಮಾತನ್ನೇ. ಭಾನುವಾರದ ಎರಡು ಗಂಟೆ ನೋಡಿ ಒಬ್ಬರನ್ನು ಅಳೆಯುತ್ತೇವೆ, ಉಳಿದ ಆರು ದಿನ ಅವರನ್ನು ನೋಡುವವರನ್ನು ಕೇಳುವುದೇ ಇಲ್ಲ. ಕೇಳಬೇಕಾದವರು ಯಾರೆಂದರೆ ಕ್ರೈಸ್ತರಲ್ಲದ ಅಕ್ಕಪಕ್ಕದ ಮನೆಯವರು, ಅವರ ಕೈಕೆಳಗೆ ಕೆಲಸ ಮಾಡುವವರು, ಅವರೊಂದಿಗೆ ವ್ಯವಹಾರ ಮಾಡಿದವರು, ಮೊದಲು ಬೇರೆ ಸಭೆಯಲ್ಲಿದ್ದರೆ ಅಲ್ಲಿನ ಪಾಸ್ಟರ್. ಆ ಸಭೆ ಬಿಟ್ಟದ್ದೇಕೆ ಎಂದು ಅವರ ಬಾಯಿಂದಲೂ ಅಲ್ಲಿನ ಪಾಸ್ಟರ್ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿ. ಎರಡು ಉತ್ತರ ತೀರಾ ಬೇರೆಯಾಗಿದ್ದರೆ ಅಲ್ಲಿಗೇ ನಿಲ್ಲಿ, ತಿಳಿಯಾಗುವವರೆಗೆ ಮುಂದೆ ಹೋಗಬೇಡಿ.

ಮನೆಯ ವಿಷಯಕ್ಕೆ ಬರೋಣ. ನಿಮ್ಮ ಮೇಷ್ಟ್ರ ಪ್ರಶ್ನೆ ಇರುವುದು ಇಲ್ಲೇ. ತನ್ನ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಪೌಲ ಕೇಳುತ್ತಾನೆ. ತೀತನಿಗೆ ಬರೆದದ್ದರಲ್ಲಿ ಮಕ್ಕಳು ನಂಬುವವರಾಗಿರಬೇಕು, ದುಂದುಗಾರರು ಅಥವಾ ಹತೋಟಿಗೆ ಬಾರದವರು ಎನಿಸಿಕೊಂಡಿರಬಾರದು ಎಂದಿದೆ. ಕೆಲವು ಸಭೆಗಳು ಇದನ್ನು ಹಿಡಿದು, ಮಗ ಸಭೆ ಬಿಟ್ಟರೆ ತಂದೆ ಅನರ್ಹ ಎನ್ನುತ್ತವೆ. ಇನ್ನು ಕೆಲವು, ತಂದೆಯ ಆಳ್ವಿಕೆಯಲ್ಲಿರುವ ಮಕ್ಕಳ ನಡತೆಯಷ್ಟೇ ಇಲ್ಲಿನ ಮಾತು, ಬೆಳೆದ ಮಗನ ನಂಬಿಕೆಗೆ ತಂದೆ ಹೊಣೆಯಲ್ಲ ಎನ್ನುತ್ತವೆ. ನಮ್ಮ ಅಭಿಪ್ರಾಯ ಎರಡನೆಯದರ ಕಡೆಗಿದೆ. ಯಾಜಕ ಏಲಿಯ ಮಕ್ಕಳು ಕೆಟ್ಟರು; ಅವನ ಮೇಲೆ ಬಂದ ದೋಷ, ತಿಳಿದೂ ಅವರನ್ನು ತಡೆಯಲಿಲ್ಲ ಎಂಬುದು (1 ಸಮುವೇಲ 3:13). ಸಮುವೇಲನ ಮಕ್ಕಳೂ ಲಂಚ ತಿಂದರು, ಆದರೂ ಸಮುವೇಲ ಪ್ರವಾದಿಯಾಗಿಯೇ ಉಳಿದ. ಹಾಗಾಗಿ ಮಗ ಎಲ್ಲಿದ್ದಾನೆ ಎಂದು ಕೇಳಿದರೆ ಸಾಲದು, ತಂದೆ ಅದನ್ನು ಹೇಗೆ ನಿಭಾಯಿಸಿದರು ಎಂದು ಕೇಳಬೇಕು. ಮುಚ್ಚಿಟ್ಟರೇ? ಹೆದರಿಸಿ, ಬೈದು ಎಳೆದು ತರಲು ನೋಡಿದರೇ? ಮನೆಯ ಬಾಗಿಲು ತೆರೆದಿಟ್ಟು ಮಾತುಕತೆ ಉಳಿಸಿಕೊಂಡರೇ? ಸಾಧ್ಯವಾದರೆ ಮಗನನ್ನೇ ಭೇಟಿಯಾಗಿ. "ನಿಮ್ಮ ತಂದೆ ಸಭೆಯಲ್ಲಿ ಇರುವಂತೆಯೇ ಮನೆಯಲ್ಲೂ ಇರುತ್ತಾರೆಯೇ?" ಎಂಬ ಒಂದು ಪ್ರಶ್ನೆ ಸಾಕು. ನಂಬಿಕೆ ಬಿಟ್ಟ ಮಗ ತಂದೆಯ ಬಗ್ಗೆ ಗೌರವದಿಂದ ಮಾತಾಡಿದರೆ ಅದಕ್ಕಿಂತ ದೊಡ್ಡ ಸಾಕ್ಷಿಪತ್ರ ನಿಮಗೆ ಸಿಗದು. ಅಪ್ಪನ ಕೈ ಮಾಡುವ ಚಟದಿಂದ ಬೇಸತ್ತು ಬಿಟ್ಟೆ ಎಂದರೆ ಅದೂ ಸಾಕ್ಷಿಯೇ.

ಅಭ್ಯರ್ಥಿಯ ಹೆಂಡತಿಯ ಜೊತೆ ಪ್ರತ್ಯೇಕವಾಗಿ, ಹಿರಿಯ ಸಹೋದರಿಯೊಬ್ಬರು ಮಾತಾಡಲಿ. ಗಂಡನ ಎದುರಿಗೆ ಕೇಳಿದ ಪ್ರಶ್ನೆಗೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಕೋಪ ಬಂದಾಗ ಏನು ಮಾಡುತ್ತಾರೆ, ತಪ್ಪಾದಾಗ ಕ್ಷಮೆ ಕೇಳುತ್ತಾರೆಯೇ, ಮನೆಯ ಹಣಕಾಸು ನಿಮಗೆ ಗೊತ್ತಿದೆಯೇ, ಅವರು ಹಿರಿಯರಾಗುವುದು ನಿಮಗೆ ಇಷ್ಟವೇ — ಇಷ್ಟು ಕೇಳಿದರೆ ಸಾಕು. ಅವರು ಬೇಡ ಎಂದರೆ ಕಾರಣ ಬಿಡಿಸಿ ಕೇಳಿ, ಹೆಸರನ್ನು ಹಿಂದೆ ತೆಗೆದುಕೊಳ್ಳಿ. ಹೆಂಡತಿ ಹೀಗೆಂದರು ಎಂದು ಮಾತ್ರ ಯಾರಿಗೂ ಹೇಳಬೇಡಿ. ಆ ಮಾತು ಹೊರಬಿದ್ದರೆ ಅದರ ಬೆಲೆ ತೆರುವವರು ಅವರೇ.

"ಏಕಪತ್ನಿಯುಳ್ಳವನು" ಎಂಬುದರ ಬಗ್ಗೆ ಪಂಗಡಗಳಲ್ಲಿ ಒಮ್ಮತವಿಲ್ಲ. ಬಹುಪತ್ನಿತ್ವ ಮತ್ತು ಪರಸ್ತ್ರೀ ಸಂಗ ಸಲ್ಲದು ಎಂಬುದರಲ್ಲಿ ಎಲ್ಲರೂ ಒಂದೇ. ವಿಚ್ಛೇದನದ ಬಳಿಕ ಮರುಮದುವೆಯಾದವರ ವಿಷಯವನ್ನು ಆಯಾ ಸಭೆ ತನ್ನ ನಿಯಮದಂತೆ ನಿರ್ಧರಿಸುತ್ತದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುದೀಕ್ಷೆಗೆ ಮುಂಚೆ ಮದುವೆಯಾದವರು ಗುರುಗಳಾಗಬಹುದು, ಹೆಂಡತಿ ತೀರಿಕೊಂಡರೆ ಮತ್ತೆ ಮದುವೆಯಾಗುವಂತಿಲ್ಲ. ಲ್ಯಾಟಿನ್ ಕ್ರಮದ ಕಥೋಲಿಕ ಗುರುಗಳು ಬ್ರಹ್ಮಚಾರಿಗಳು. ಮದುವೆಯಾಗದವರನ್ನು ಈ ವಾಕ್ಯ ಹೊರಗಿಡುವುದಿಲ್ಲ, ಪೌಲನೇ ಒಂಟಿಯಾಗಿದ್ದ. ಕುಡಿತದ ಬಗ್ಗೆ ಪಟ್ಟಿ ಹೇಳುವುದು ಮದ್ಯಕ್ಕೆ ದಾಸನಾಗಿರಬಾರದು ಎಂದು. ನಮ್ಮ ಊರುಗಳಲ್ಲಿ ಕುಡಿತ ಸಂಸಾರಗಳನ್ನು ಮುರಿದಿರುವುದರಿಂದ ಅನೇಕ ಸಭೆಗಳು ಪೂರ್ತಿ ತ್ಯಜಿಸಬೇಕೆಂದು ಕೇಳುತ್ತವೆ. ಅದು ವಿವೇಕದ ನಿಯಮ. ಆದರೆ ನಿಮ್ಮ ಸಭೆಯ ನಿಯಮವೆಂದೇ ಬರೆದಿಡಿ. ಸಭೆಯಲ್ಲಿ ಸಹೋದರಿಯರು ಹಿರಿಯರಾಗಬಹುದೇ ಎಂಬುದರಲ್ಲೂ ಪಂಗಡಗಳು ಭಿನ್ನ: ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್ಐ) 2013ರಲ್ಲಿ ಮಹಿಳೆಯೊಬ್ಬರು ನಂದ್ಯಾಲದ ಬಿಷಪ್ ಆದರು, ಅನೇಕ ಸ್ವತಂತ್ರ ಸಭೆಗಳು ಒಪ್ಪುವುದಿಲ್ಲ. ನೀವು ಯಾವ ಕಡೆಯಿದ್ದರೂ ಗುಣಗಳ ಅಳತೆ ಒಂದೇ ಇರಲಿ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಪೌಲ ಹೆಸರೆತ್ತಿ ಹೊಗಳಿರುವುದನ್ನು ಮರೆಯಬೇಡಿ.

ಹಣದ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ಎರಡೂ ಪಟ್ಟಿಗಳಲ್ಲಿ, ಸಭಾಸೇವಕರ ಪಟ್ಟಿಯಲ್ಲಿ, ಪೇತ್ರನ ಪತ್ರಿಕೆಯಲ್ಲಿ, ಹೀಗೆ ಎಲ್ಲ ಕಡೆ ತಪ್ಪದೆ ಬರುವ ಎಚ್ಚರಿಕೆ ಇದು. ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ಪೌಲ ಹೇಳಿದ್ದು, ಯಾರ ಬೆಳ್ಳಿಬಂಗಾರಕ್ಕೂ ಬಟ್ಟೆಗೂ ನಾನು ಆಸೆಪಡಲಿಲ್ಲ, ಈ ಕೈಗಳೇ ನನ್ನ ಕೊರತೆ ನೀಗಿದವು ಎಂದು. ಎರಡನೆಯ ಶತಮಾನದಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ವಾಲೆನ್ಸ್ ಎಂಬ ಹಿರಿಯನಿಗಾಗಿ ದುಃಖಪಡುತ್ತಾನೆ. ಹಣದಾಸೆಯಿಂದ ಅವನು ಸ್ಥಾನ ಕಳೆದುಕೊಂಡಿದ್ದ. ಪೊಲಿಕಾರ್ಪನ ಸಲಹೆ ಎಷ್ಟು ತೂಕದ್ದು ನೋಡಿ: ಅವನನ್ನೂ ಅವನ ಹೆಂಡತಿಯನ್ನೂ ವೈರಿಗಳೆಂದು ಎಣಿಸಬೇಡಿ, ತಪ್ಪಿಹೋದ ಅಂಗಗಳೆಂದು ಮರಳಿ ಕರೆಯಿರಿ ಎನ್ನುತ್ತಾನೆ.

ನಿಮ್ಮ ಅಂಗಡಿ ಮಾಲೀಕರ ವಿಷಯದಲ್ಲಿ, ಅವರು ಚಾವಣಿಗೆ ಕೊಟ್ಟದ್ದು ಅನರ್ಹತೆಯೂ ಅಲ್ಲ, ಅರ್ಹತೆಯೂ ಅಲ್ಲ. ನೋಡಬೇಕಾದದ್ದು ಬೇರೆ. ಅಂಗಡಿಯ ಹುಡುಗರಿಗೆ ಸಂಬಳ ಸರಿಯಾದ ತಾರೀಕಿಗೆ ಸಿಗುತ್ತದೆಯೇ? ತೂಕ, ಬಿಲ್ಲು ನೇರವೇ? ಸಾಲ ವಸೂಲಿ ಮಾಡುವಾಗ ಬಡವರ ಮನೆ ಮುಂದೆ ಅವರ ಬಾಯಿ ಹೇಗಿರುತ್ತದೆ? ಸಭೆಯವರ ನಡುವೆಯೇ ಚೀಟಿ ನಡೆಸುತ್ತಾರೆಯೇ, ಬಡ್ಡಿಗೆ ಕೊಡುತ್ತಾರೆಯೇ? ಸಭೆಯ ಅರ್ಧ ಜನ ಯಾರಿಗೆ ಸಾಲಗಾರರೋ ಅವರು ಹಿರಿಯರಾದರೆ ಸಭೆಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಇದು ಅವರ ಒಳ್ಳೆಯತನ ಕೆಟ್ಟತನದ ಪ್ರಶ್ನೆಯೂ ಅಲ್ಲ, ಆ ಸ್ಥಿತಿಯಲ್ಲಿ ಸಭೆಯನ್ನು ಕಾಯುವ ಕುರುಬನ ಕೆಲಸ ನಡೆಯುವುದೇ ಇಲ್ಲ. ಇನ್ನೊಂದು: ಹಿಂದೆ ಅವರ ಮಾತು ನಡೆಯದ ಸಂದರ್ಭ ಇದ್ದೇ ಇರುತ್ತದೆ. ಆಮೇಲೆ ಅವರು ಹೇಗೆ ನಡೆದುಕೊಂಡರು? ಕಾಣಿಕೆ ನಿಲ್ಲಿಸಿದರೇ, ಮುಖ ತಿರುಗಿಸಿದರೇ, ಅಥವಾ ಮುಂದಿನ ಭಾನುವಾರ ಎಂದಿನಂತೆ ಬಂದು ಕುರ್ಚಿ ಹಾಕಿದರೇ?

ಹಣದಾಸೆಯಿಲ್ಲದವರಿಗೂ ಒಳ್ಳೆಯ ವ್ಯವಸ್ಥೆ ಬೇಕು. ಯೆರೂಸಲೇಮಿಗೆ ಧರ್ಮದ ಹಣ ಒಯ್ಯುವಾಗ ಪೌಲ ಒಬ್ಬನೇ ಹೋಗಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ, ಕರ್ತನ ಮುಂದಷ್ಟೇ ಅಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದ (2 ಕೊರಿಂಥ 8:18–21). ನಿಮ್ಮ ಸಭೆಗೆ ಹೊಂದುವಂತೆ ಹೇಳುವುದಾದರೆ: ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ, ಪರಸ್ಪರ ಸಂಬಂಧಿಗಳಲ್ಲದ ಇಬ್ಬರು, ಸಭಾಮಂದಿರದಲ್ಲೇ ಕೂತು ಎಣಿಸಲಿ. ಯಾವ ನೋಟು ಎಷ್ಟು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಮುಂದಿನ ಕೆಲಸದ ದಿನವೇ ಬ್ಯಾಂಕಿಗೆ ಹೋಗಲಿ. ಪಾಸ್ಟರ್ ಎಣಿಸುವುದು ಬೇಡ. ಖಾತೆ ನೋಂದಾಯಿತ ಟ್ರಸ್ಟ್ ಅಥವಾ ಸಂಘದ ಹೆಸರಿನಲ್ಲಿರಲಿ, ಚೆಕ್ಕಿಗೆ ಎರಡು ಸಹಿ ಇರಲಿ. ಈಗ ಹೆಚ್ಚು ಎಡವಟ್ಟಾಗುತ್ತಿರುವುದು ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿನಲ್ಲಿ. ಅದು ಪಾಸ್ಟರ ಅಥವಾ ಖಜಾಂಚಿಯ ಸ್ವಂತ ಖಾತೆಯದ್ದಾಗಿದ್ದರೆ ಇವತ್ತೇ ತೆಗೆಯಿರಿ. ಪ್ರಾಮಾಣಿಕನೂ ಆರು ತಿಂಗಳ ನಂತರ ಯಾವುದು ಸಭೆಯದು ಯಾವುದು ತನ್ನದು ಎಂದು ಬೇರ್ಪಡಿಸಲಾರ. ತಿಂಗಳ ಲೆಕ್ಕವನ್ನು ಸೂಚನಾ ಫಲಕಕ್ಕೆ ಹಾಕಿ. ಯಾರು ಎಷ್ಟು ಕೊಟ್ಟರು ಎಂಬುದು ಮಾತ್ರ ಎಣಿಸುವವರ ಬಳಿಯೇ ಉಳಿಯಲಿ. ಹೊರದೇಶದ ವಿಶ್ವಾಸಿಗಳು ಹಣ ಕಳಿಸುತ್ತೇವೆಂದರೆ ಎಚ್ಚರ: ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯಿಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಬಳಿಕ ನೋಂದಣಿಯಿರುವವರೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು.

ಅತಿಥಿಸತ್ಕಾರ ಎಂದರೆ ಹಬ್ಬದೂಟ ಹಾಕಿಸುವುದು ಎಂದುಕೊಳ್ಳುವವರಿದ್ದಾರೆ. ಮೊದಲ ಶತಮಾನದ ಸಭೆಗಳು ಮನೆಗಳಲ್ಲೇ ಕೂಡುತ್ತಿದ್ದವು, ಪ್ರಯಾಣಿಕರಾದ ವಿಶ್ವಾಸಿಗಳು ಮನೆಗಳಲ್ಲೇ ಉಳಿಯುತ್ತಿದ್ದರು. ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದೇ ಅಲ್ಲಿ ಪ್ರಶ್ನೆ. ನಮ್ಮಲ್ಲಿ ಈ ಪ್ರಶ್ನೆ ಜಾತಿಯ ಹತ್ತಿರ ಬಂದು ನಿಲ್ಲುತ್ತದೆ. ದೀಕ್ಷಾಸ್ನಾನವಾದ ಮಾತ್ರಕ್ಕೆ ಜಾತಿಯ ಲೆಕ್ಕ ಅಳಿದುಹೋಗುವುದಿಲ್ಲ ಎಂಬುದು ಕರ್ನಾಟಕದ ಸಭೆಗಳಲ್ಲಿ ಇರುವವರಿಗೆಲ್ಲ ಗೊತ್ತು. ಅಭ್ಯರ್ಥಿಯು ದಲಿತ ಕುಟುಂಬದ ಮನೆಯಲ್ಲಿ ಕೂತು ಉಂಡಿದ್ದಾರೆಯೇ, ಅವರನ್ನು ತಮ್ಮ ಮನೆಗೆ ಊಟಕ್ಕೆ ಕರೆದಿದ್ದಾರೆಯೇ, ಮದುವೆಯ ಮಾತು ಬಂದಾಗ ಏನು ಹೇಳುತ್ತಾರೆ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲ ಎಲ್ಲರ ಎದುರಿಗೇ ಅವನನ್ನು ಖಂಡಿಸಿದ (ಗಲಾತ್ಯ 2:11–14). ಅಪೊಸ್ತಲನಿಗೇ ಇಲ್ಲದ ರಿಯಾಯಿತಿ ನಿಮ್ಮ ಅಭ್ಯರ್ಥಿಗೆ ಬೇಡ. ಇದರ ಜೊತೆಗೇ ಕೃತ್ಯಗಳು 6ನೆಯ ಅಧ್ಯಾಯ ನೋಡಿ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟದಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂತು. ಆರಿಸಿದ ಏಳು ಜನರ ಹೆಸರೂ ಗ್ರೀಕ್ ಹೆಸರುಗಳೇ. ನೊಂದ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತೆಂದು ಕಾಣುತ್ತದೆ. ನಿಮ್ಮ ಮೂರೂ ಹೆಸರು ಒಂದೇ ಕೇರಿಯಿಂದ, ಒಂದೇ ಬಂಧುಬಳಗದಿಂದ ಬಂದಿದ್ದರೆ ಪಟ್ಟಿಯನ್ನು ಇನ್ನಷ್ಟು ದಿನ ತೆರೆದಿಡಿ.

ಸಿಟ್ಟು ಮತ್ತು ಅಧಿಕಾರದ ಚಪಲ ಮೈಕಿನ ಮುಂದೆ ಕಾಣುವುದಿಲ್ಲ. ಯೋಹಾನನ ಮೂರನೆಯ ಪತ್ರಿಕೆಯ ದಿಯೊತ್ರೇಫ ತಪ್ಪು ಬೋಧನೆ ಮಾಡಿದನೆಂದು ಅಲ್ಲೆಲ್ಲೂ ಹೇಳಿಲ್ಲ. ತಾನೇ ಮೊದಲಿಗನಾಗಬೇಕೆಂದು ಅವನಿಗೆ ಆಸೆ. ಬಂದ ಸಹೋದರರನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳುವವರನ್ನೂ ಸಭೆಯಿಂದ ಹೊರಗೆ ಹಾಕಿದ. ಈ ಲಕ್ಷಣ ಇಂದೂ ಹಾಗೇ ಇದೆ. "ನನ್ನ ಸಭೆ" ಎಂಬ ಮಾತು ಪದೇ ಪದೇ ಬರುವುದು, ಪ್ರಶ್ನೆ ಕೇಳಿದವರನ್ನು ದೇವರ ಅಭಿಷಿಕ್ತನ ವಿರೋಧಿ ಎನ್ನುವುದು, ಬೇರೆ ಸಭೆಯವರ ಸಹವಾಸ ಮಾಡಬೇಡಿ ಎನ್ನುವುದು, ಬಿಟ್ಟುಹೋದವರಿಗೆ ಶಾಪದ ಮಾತು. ಇವುಗಳಲ್ಲಿ ಎರಡು ಕಂಡರೂ ಆ ಹೆಸರನ್ನು ಬಿಡಿ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ.

ಯುವಕನ ವಿಷಯ ಎಲ್ಲಕ್ಕಿಂತ ಸುಲಭ, ಆದರೆ ಸಭೆಯನ್ನು ಒಪ್ಪಿಸುವುದು ಕಷ್ಟ. ಹೊಸಬನನ್ನು ನೇಮಿಸಬೇಡ, ಉಬ್ಬಿಹೋಗಿ ಬಿದ್ದಾನು ಎಂದು ಪೌಲ ಬರೆದದ್ದು ಎಫೆಸದಲ್ಲಿದ್ದ ತಿಮೊಥೆಯನಿಗೆ. ಅಲ್ಲಿನ ಸಭೆ ಆ ಹೊತ್ತಿಗೆ ಹಲವು ವರ್ಷ ಹಳೆಯದು. ಕ್ರೇತದಲ್ಲಿ ಊರೂರಿಗೆ ಹಿರಿಯರನ್ನು ನೇಮಿಸಬೇಕಿದ್ದ ತೀತನಿಗೆ ಬರೆದ ಪಟ್ಟಿಯಲ್ಲಿ ಆ ಷರತ್ತಿಲ್ಲ. ಹಾಗಾಗಿ ಎಷ್ಟು ವರ್ಷ ಎಂಬ ಅಂಕಿ ವಾಕ್ಯದಲ್ಲಿಲ್ಲ, ಹಳೆಯ ವಿಶ್ವಾಸಿಗಳಿರುವ ನಿಮ್ಮಂಥ ಸಭೆ ಎಫೆಸದ ನಿಯಮ ಹಿಡಿಯುವುದೇ ಸರಿ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಮ್ಮೇಳನದ ಎರಡನೆಯ ನಿಯಮ ಕೂಡ, ಆಗತಾನೇ ದೀಕ್ಷಾಸ್ನಾನವಾದವರನ್ನು ಅವಸರದಲ್ಲಿ ಹಿರಿಯರನ್ನಾಗಿ, ಬಿಷಪರನ್ನಾಗಿ ಮಾಡುವುದನ್ನು ತಡೆಯಿತು. 374ರಲ್ಲಿ ಮಿಲಾನಿನವರು ಇನ್ನೂ ದೀಕ್ಷಾಸ್ನಾನವೂ ಆಗಿರದ ಅಂಬ್ರೋಸನನ್ನು ಬಿಷಪ್ ಮಾಡಿಕೊಂಡರು, ಅವನು ಅಪರೂಪದ ಸಭಾಪಾಲಕನಾದ. ಆ ಉದಾಹರಣೆ ತೋರಿಸಿ ವಾದಿಸುವವರು ಸಿಗುತ್ತಾರೆ. ಆದರೆ ಅಂಬ್ರೋಸ್ ಅದಕ್ಕೆ ಮುಂಚೆಯೇ ಅದೇ ಪ್ರಾಂತದ ರಾಜ್ಯಪಾಲನಾಗಿ ಎಲ್ಲರ ಕಣ್ಣೆದುರು ನಡೆದು ತೋರಿಸಿದ್ದವನು. ನಿಮ್ಮ ಯುವಕನಿಗೆ ಒಂದು ವರ್ಷ ಮೈಕಿಲ್ಲದ ಕೆಲಸ ಕೊಡಿ: ಆಸ್ಪತ್ರೆಯಲ್ಲಿರುವವರ ಭೇಟಿ, ಕ್ರಿಸ್ಮಸ್ ಊಟದ ಲೆಕ್ಕ, ಮಕ್ಕಳ ಭಾನುವಾರ ಶಾಲೆಯಲ್ಲಿ ಇನ್ನೊಬ್ಬರ ಕೈಕೆಳಗೆ ಸಹಾಯ. ಖುಷಿಯಿಂದ ಮಾಡುತ್ತಾನೋ, ಹೇಳಿದ ಹೊತ್ತಿಗೆ ಬರುತ್ತಾನೋ, ತಿದ್ದಿದರೆ ಮುನಿಯುತ್ತಾನೋ ನೋಡಿ. ಬೋಧನೆಯನ್ನು ಅಳೆಯಬೇಕಾದರೆ ಪ್ರಸಂಗ ಸಾಲದು. ಹತ್ತು ಜನರ ಬೈಬಲ್ ಅಧ್ಯಯನ ನಡೆಸಲಿ, ಇಪ್ಪತ್ತು ನಿಮಿಷ ಅವನು ಮಾತಾಡಲಿ, ಇಪ್ಪತ್ತು ನಿಮಿಷ ಉಳಿದವರು ಪ್ರಶ್ನೆ ಕೇಳಲಿ. ವಾಕ್ಯದಲ್ಲಿ ಇರುವುದನ್ನೇ ಹೇಳುತ್ತಾನೋ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಾನೋ ಅಲ್ಲಿ ತಿಳಿಯುತ್ತದೆ.

ವಿಚಾರಣೆ ಮುಗಿದ ಮೇಲೆ ಹೆಸರುಗಳನ್ನು ಸತತ ನಾಲ್ಕು ಭಾನುವಾರ ಆರಾಧನೆಯಲ್ಲಿ ಓದಿ. ಆಕ್ಷೇಪವಿದ್ದವರು ಬಂದು ಹೇಳಲು ಒಬ್ಬ ಸಹೋದರ, ಒಬ್ಬ ಸಹೋದರಿಯನ್ನು ಗೊತ್ತುಮಾಡಿ. ಅವರು ಅಭ್ಯರ್ಥಿಯ ನೆಂಟರಾಗಿರಬಾರದು. ಹೆಸರಿಲ್ಲದ ಚೀಟಿಯನ್ನು ಆಧಾರವಾಗಿ ತೆಗೆದುಕೊಳ್ಳಬೇಡಿ, ಹೆಸರು ಹೇಳಿದವರ ಗುಟ್ಟನ್ನು ಬಿಟ್ಟುಕೊಡಬೇಡಿ. ಅವಸರವಾಗಿ ಯಾರ ತಲೆಯ ಮೇಲೂ ಹಸ್ತವಿಡಬೇಡ, ಕೆಲವರ ಪಾಪ ಮುಂದಾಗಿಯೇ ಕಾಣುತ್ತದೆ, ಕೆಲವರದು ಹಿಂದಿನಿಂದ ಬರುತ್ತದೆ ಎಂಬ ಮಾತು (1 ತಿಮೊಥೆಯ 5:22–24) ಈ ನಾಲ್ಕು ವಾರಗಳಿಗೇ ಬರೆದಂತಿದೆ.

ನೇಮಕವಾದ ಮೇಲೂ ಇದೇ ಪಟ್ಟಿ ಜಾರಿಯಲ್ಲಿರುತ್ತದೆ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸ್ವೀಕರಿಸಬೇಡ ಎಂಬ ವಾಕ್ಯ (5:19) ಚಾಡಿಯಿಂದ ಕಾಪಾಡಲು ಇರುವಂಥದ್ದು. ಅದನ್ನೇ ನೊಂದವರ ಬಾಯಿ ಮುಚ್ಚಿಸಲು ಬಳಸುವುದನ್ನು ನಾವು ಒಪ್ಪಲಾರೆವು. ಮರುವಾಕ್ಯದಲ್ಲೇ ಪಾಪದಲ್ಲಿ ನಡೆಯುವ ಹಿರಿಯರನ್ನು ಎಲ್ಲರ ಮುಂದೆ ಗದರಿಸು ಎಂದಿದೆ, ಅದರ ಮುಂದಿನದರಲ್ಲಿ ಪಕ್ಷಪಾತ ಬೇಡ ಎಂದಿದೆ. ಬ್ಯಾಂಕಿನ ದಾಖಲೆ, ಮೊಬೈಲ್ ಸಂದೇಶ, ಬೇರೆ ಸಮಯದಲ್ಲಿ ಬೇರೆಯವರಿಂದ ಬಂದ ಅದೇ ಬಗೆಯ ದೂರು, ಇವೆಲ್ಲ ಸಾಕ್ಷಿಯೇ. ವಿಚಾರಣೆ ನಡೆಯುವಾಗ ಆ ವ್ಯಕ್ತಿ ಹೊಣೆಯಿಂದ ದೂರವಿರಲಿ, ವಿಚಾರಿಸುವವರಲ್ಲಿ ಒಬ್ಬರಾದರೂ ಹೊರಗಿನ ಸಭೆಯವರಿರಲಿ. ಪಶ್ಚಾತ್ತಾಪಪಟ್ಟವರಿಗೆ ಕ್ಷಮೆ ಇದೆ, ಸಭೆಯ ಅನ್ಯೋನ್ಯತೆ ಇದೆ; ಸ್ಥಾನ ತಾನಾಗಿ ಮರಳುವುದಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮಾತು ಬಂದರೆ ಮೇಲಿನ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಸಾಕ್ಷಿ ಎಣಿಸಬೇಡಿ, ಸಭೆಯಲ್ಲಿ ರಾಜಿ ಮಾಡಿಸಬೇಡಿ, ಮಗುವನ್ನು ಆರೋಪಿಯ ಎದುರಿಗೆ ಕೂರಿಸಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಅಂಥ ಅಪರಾಧದ ಸುಳಿವು ಸಿಕ್ಕ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ ಶಿಕ್ಷೆ ಇನ್ನೂ ಹೆಚ್ಚು. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಯನ್ನು ಭಾನುವಾರ ಶಾಲೆಯ ಕೋಣೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದು ಹಾಕಿ.

ಈಗ ನಿಮ್ಮ ಮೂರು ಹೆಸರು. ಮಗನ ಜೊತೆಗಿನ ಮಾತುಕತೆ ಸರಿಹೋದರೆ ಮೇಷ್ಟ್ರು ಈಗಲೇ ಸಿದ್ಧರಿರುವಂತೆ ಕಾಣುತ್ತಾರೆ. ಮಿತಭಾಷಿ ಎಂಬುದು ತೊಡಕಲ್ಲ. ನಾಲ್ಕೈದು ಜನರಿಗೆ ವಾಕ್ಯ ಬಿಡಿಸಿ ಹೇಳಬಲ್ಲರೇ ಎಂದಷ್ಟೇ ನೋಡಿ. ಅಂಗಡಿ ಮಾಲೀಕರ ವಿಷಯ ಸಂಬಳ, ಸಾಲ, ಚೀಟಿಯ ಉತ್ತರಗಳ ಮೇಲೆ ನಿಂತಿದೆ. ತೃಪ್ತಿಕರವಾಗಿದ್ದರೂ ಮೊದಲು ಒಂದು ವರ್ಷ ಸಭಾಸೇವಕರಾಗಿರಲಿ, ಹಣದ ಹೊಣೆ ಬಿಟ್ಟು ಬೇರೇನಾದರೂ ನೋಡಿಕೊಳ್ಳಲಿ. ಯುವಕನ ಹೆಸರು ಈ ಸಲ ಬೇಡ. ಕಾರಣವನ್ನು ಅವನಿಗೆ ಅಯ್ಯನವರೇ ಮುಖತಃ ತಿಳಿಸಲಿ, ಬೇರೆಯವರ ಬಾಯಿಂದ ಕೇಳುವಂತಾಗಬಾರದು. ಹೀಗೆ ಒಬ್ಬರೇ ಉಳಿದರೂ ಗಾಬರಿ ಬೇಡ, ಅಯ್ಯನವರೂ ಸೇರಿ ಇಬ್ಬರಾಗುತ್ತಾರೆ. ಉಳಿದ ಎರಡು ಸ್ಥಾನ ಖಾಲಿ ಇರಲಿ. ಮತ್ತೆ ಯಾವ ತಿಂಗಳು ಹೆಸರುಗಳನ್ನು ನೋಡುತ್ತೀರಿ ಎಂಬುದನ್ನು ಇದೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು, ಹಾಜರಿದ್ದವರ ಸಹಿ ಪಡೆಯಿರಿ.